ಮನೆಯವರ ಪಟ್ಟಿ

ಬೆಳಗ್ಗೆ ಹತ್ತೂಕಾಲಿಗೆ ನರ್ಸಿಂಗ್ ಕಾಲೇಜಿನ ಗ್ರಂಥಾಲಯದಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳು ತನ್ನ ಫೋನನ್ನು ಗ್ರಂಥಪಾಲಕಿಯ ಮೂಗಿನ ಹತ್ತಿರ ಹಿಡಿದು ನಿಂತಿದ್ದಳು.

"ಮೇಡಂ, ಇದು ಪಿಯರ್ ರಿವ್ಯೂ ಆಗಿದ್ಯಾ ನೋಡಿ. ಬೇಗ ಹೇಳ್ಬಿಡಿ, ಕ್ಲಾಸಿದೆ."

"ಸ್ವಲ್ಪ ದೂರ ಹಿಡಿ ತಾಯಿ. ನನಗೇನು ಕಣ್ಣಿನ ಪರೀಕ್ಷೆ ಮಾಡ್ತಿದ್ದೀಯಾ?" ಗ್ರಂಥಪಾಲಕಿ ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿದರು. "ಎಲ್ಲಿ ಅಚ್ಚಾಗಿದೆ ಇದು?"

"ನೆಟ್ಟಲ್ಲಿ."

"ನೆಟ್ಟಲ್ಲಿ ಅಂದ್ರೆ ಊರಲ್ಲಿ ಅಂದ ಹಾಗಾಯ್ತು. ಯಾವ ಬೀದಿ, ಯಾವ ಮನೆ?"

ಹುಡುಗಿ ನಕ್ಕಳು. ಗ್ರಂಥಪಾಲಕಿ ನಗಲಿಲ್ಲ. ಇಂಥ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲವಾದರೂ ಕೇಳಿ ಅವರಿಗೆ ಅಭ್ಯಾಸ.

"ನಿನ್ನ ಪರೀಕ್ಷೆ ಪೇಪರನ್ನ ನೀನೇ ತಿದ್ದಿಕೊಂಡ್ರೆ ಎಷ್ಟು ಮಾರ್ಕ್ಸ್ ಹಾಕ್ಕೋತೀಯ?"

"ನೂರು ಮೇಡಂ."

"ಸುಳ್ಳು ಹೇಳಬೇಡ, ನೂರಾ ಹತ್ತು. ಅದಕ್ಕೇ ಬೇರೆಯವರು ತಿದ್ದಬೇಕು ಅನ್ನೋದು. ಲೇಖನದ ಕಥೆಯೂ ಅಷ್ಟೆ."

ಆಮೇಲೆ ಅವರು ಎಂದಿನ ಪಾಠ ಹೇಳಿದರು. ಒಳ್ಳೆಯ ಪತ್ರಿಕೆಗೆ ಬಂದ ಲೇಖನವನ್ನು ಸಂಪಾದಕರು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳಿಸುತ್ತಾರೆ. ಅವರು ತಪ್ಪು ಹುಡುಕುತ್ತಾರೆ, ಪ್ರಶ್ನೆ ಕೇಳುತ್ತಾರೆ. ಬರೆದವರು ತಿದ್ದಿ ಮತ್ತೆ ಕಳಿಸಬೇಕು. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಮೊದಲ ಪುಟದ ಅಡಿಯಲ್ಲಿ ಮೂರು ತಾರೀಖು ಇದೆಯೇ ನೋಡಬೇಕು: ಬಂದದ್ದು ಯಾವಾಗ, ತಿದ್ದಿದ್ದು ಯಾವಾಗ, ಒಪ್ಪಿಕೊಂಡದ್ದು ಯಾವಾಗ. ಸಂಪಾದಕರ ಹೆಸರುಗಳನ್ನು ನೋಡಬೇಕು, ಅವರು ನಿಜವಾಗಿ ಇದ್ದಾರೆಯೇ ಎಂದು ವಿಚಾರಿಸಬೇಕು. ಅದೇ ಸಂಚಿಕೆಯ ಉಳಿದ ಲೇಖನಗಳ ಮೇಲೆ ಕಣ್ಣಾಡಿಸಬೇಕು. "ಒಟ್ಟು ನಾಲ್ಕು ನಿಮಿಷದ ಕೆಲಸ. ನೀನು ಬೆಳಗ್ಗೆ ತಲೆ ಬಾಚೋಕೆ ಅದಕ್ಕಿಂತ ಜಾಸ್ತಿ ಹೊತ್ತು ತಗೋತೀಯ."

ಹುಡುಗಿಯ ಫೋನಿನಲ್ಲಿದ್ದದ್ದು ಔಷಧ ಅಂಗಡಿಯೊಂದರ ಜಾಹೀರಾತು ಬರಹ. ಅದರಲ್ಲಿ ಒಂದು ತಾರೀಖೂ ಇರಲಿಲ್ಲ.

ವಿದ್ಯಾರ್ಥಿಗಳು ಇವರನ್ನು ಕರೆಯುವುದು ಜರಡಿ ಮೇಡಂ ಎಂದು. ಎದುರಿಗೆ ಬರೀ ಮೇಡಂ, ಬೆನ್ನ ಹಿಂದೆ ಜರಡಿ. ಆ ಹೆಸರು ಅವರಿಗೂ ಗೊತ್ತು, ಒಳಗೊಳಗೇ ಅದರ ಬಗ್ಗೆ ಹೆಮ್ಮೆಯೂ ಇದೆ. ಈ ಕಾಲೇಜಿನಲ್ಲಿ ಅವರಿಗೆ ಇಪ್ಪತ್ತೆಂಟು ವರ್ಷವಾಗಿದೆ, ನಿವೃತ್ತಿಗೆ ಏಳು ತಿಂಗಳು ಉಳಿದಿದೆ. ಕೊನೆಯ ವರ್ಷದವರೆಲ್ಲ ಒಂದು ಪ್ರಬಂಧ ಬರೆಯಬೇಕು. ಪ್ರಬಂಧದ ಕೊನೆಯಲ್ಲಿ ಆಧಾರ ಲೇಖನಗಳ ಪಟ್ಟಿ ಇರಬೇಕು. ಆ ಪಟ್ಟಿ ಜರಡಿ ಮೇಡಂ ಮೇಜಿನ ಮೇಲೆ ಹಾದು, 'ಪರಿಶೀಲಿಸಿದೆ' ಎಂಬ ನೇರಳೆ ಮುದ್ರೆ ಬಿದ್ದ ಮೇಲೆಯೇ ಪ್ರಬಂಧ ಮುಂದಕ್ಕೆ ಹೋಗುವುದು. ಈ ಪದ್ಧತಿಯನ್ನು ತಂದವರೂ ಅವರೇ. ಮೊದಲು ಹುಡುಗಿಯರು ಸಿಕ್ಕ ಸಿಕ್ಕ ಕಡೆಯಿಂದ ಎತ್ತಿ ಬರೆಯುತ್ತಿದ್ದರು.

ವರ್ಷಕ್ಕೆ ನೂರಿಪ್ಪತ್ತು ಪ್ರಬಂಧ, ಪ್ರಬಂಧಕ್ಕೆ ನಲವತ್ತು ಲೇಖನ. ಎಲ್ಲವನ್ನೂ ತೆಗೆದು ನೋಡುತ್ತ ಕೂತರೆ ಊಟಕ್ಕೂ ಏಳುವಂತಿಲ್ಲ. ಅದಕ್ಕೆ ಅವರು ಪತ್ರಿಕೆಗಳನ್ನು ಮೂರು ಪಾಲು ಮಾಡಿಕೊಂಡಿದ್ದರು. ಹೊಸ ಹೆಸರುಗಳೆಲ್ಲ ದಾರಿಹೋಕರು. ಅವರ ಜಾತಕವನ್ನೇ ಜಾಲಾಡುತ್ತಿದ್ದರು. ನಾಲ್ಕಾರು ಸಲ ಬಂದು ಸರಿ ಎನಿಸಿಕೊಂಡವು ಪರಿಚಯದವರು, ಅವಕ್ಕೆ ಮೊದಲ ಪುಟ ನೋಡಿದರೆ ಸಾಕು. ಮೂರನೆಯ ಪಾಲಿನವರು ಮನೆಯವರು. ಹತ್ತು ಹದಿನೈದು ವರ್ಷದಿಂದ ಬಲ್ಲ ಮೂವತ್ತಾರು ಪತ್ರಿಕೆಗಳು. ಅವುಗಳ ಹೆಸರು ಕಂಡರೆ ಲೇಖನ ತೆಗೆಯುವ ಪ್ರಶ್ನೆಯೇ ಇಲ್ಲ, ಪೆನ್ಸಿಲಿನಲ್ಲಿ ಗೆರೆ ಎಳೆದು ಮುಂದಿನ ಸಾಲಿಗೆ. ಮನೆಯವರ ಪಟ್ಟಿ ಬೆರಳಚ್ಚಿನಲ್ಲಿ ಎರಡು ಹಾಳೆ. ಅದು ಮೇಜಿನ ಗಾಜಿನ ಕೆಳಗೇ ಇತ್ತು. ವಿದ್ಯಾರ್ಥಿಗಳು ಅದರ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಬೇಗ ಮುದ್ರೆ ಬೀಳಬೇಕೆಂದರೆ ಮನೆಯವರಿಂದಲೇ ಆಯ್ದುಕೊಂಡರಾಯಿತು ಎಂಬುದು ಅವರಿಗೂ ಗೊತ್ತಾಗಿಹೋಗಿತ್ತು.

ಹನ್ನೊಂದಕ್ಕೆ ಕಚೇರಿಯ ಜವಾನ ಬಂದ. "ಪ್ರಿನ್ಸಿಪಾಲ್ರು ಕರೀತಿದಾರೆ. ಈಗಲೇ ಅಂತೆ."

"ಏನಂತೆ?"

"ನನಗೆ ಹೇಳೋ ಹಾಗಿದ್ರೆ ನಿಮ್ಮನ್ನ ಯಾಕೆ ಕರೀತಿದ್ರು?"

ಪ್ರಾಂಶುಪಾಲರ ಮೇಜಿನ ಮೇಲೆ ಒಂದು ಪ್ರಬಂಧ ತೆರೆದಿತ್ತು, ಪಕ್ಕದಲ್ಲಿ ಎರಡು ಪುಟದ ಪತ್ರ. ಪ್ರಬಂಧ ಕೊನೆಯ ವರ್ಷದ ದೊಡ್ಡಮ್ಮನದು. ಅವಳಿಗೆ ಮೂವತ್ತನಾಲ್ಕು, ತರಗತಿಯ ಉಳಿದವರಿಗೆ ಇಪ್ಪತ್ತೊಂದು, ಅದಕ್ಕೆ ಆ ಹೆಸರು. ಒಂಬತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದು, ರೋಗಿಗಳ ಮೈ ಒರೆಸಿ, ಹಾಸಿಗೆ ಬದಲಿಸಿ, ಆಮೇಲೆ ನರ್ಸಿಂಗ್ ಓದಲು ಬಂದವಳು. ಪಾಸಾದರೆ ಅದೇ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಎಂದು ಮಾತಾಗಿತ್ತು. ಅವಳ ಪ್ರಬಂಧದ ವಿಷಯ ಹಾಸಿಗೆ ಹುಣ್ಣು: ಏಳಲಾಗದೆ ಮಲಗಿದ ರೋಗಿಯ ಮಗ್ಗುಲನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು ಎಂಬುದು.

ಪತ್ರ ಬರೆದವರು ಹೊರಗಿನ ಪರೀಕ್ಷಕಿ, ಬೇರೆ ಆಸ್ಪತ್ರೆಯೊಂದರ ಹಿರಿಯ ನರ್ಸಿಂಗ್ ಅಧಿಕಾರಿ. ವಿಶೇಷ ಎಣ್ಣೆ ಹಚ್ಚಿದರೆ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೂ ಹುಣ್ಣಾಗುವುದಿಲ್ಲ ಎಂದು ಪ್ರಬಂಧದಲ್ಲಿತ್ತು, ಅದಕ್ಕೆ ಮೂರು ಲೇಖನಗಳ ಆಧಾರವಿತ್ತು. ಪರೀಕ್ಷಕಿಗೆ ಅನುಮಾನ ಬಂದಿದೆ. ಲೇಖನಗಳಲ್ಲಿ ಹೇಳಿದ ಎರಡು ಆಸ್ಪತ್ರೆಗಳಿಗೆ ಫೋನ್ ಮಾಡಿದ್ದಾರೆ. ಒಂದರಲ್ಲಿ ಅಂಥ ವಾರ್ಡೇ ಇಲ್ಲ. ಇನ್ನೊಂದು ಆಸ್ಪತ್ರೆಯೇ ಅಲ್ಲ, ಪೀಠೋಪಕರಣದ ಗೋದಾಮು. 'ವಿದ್ಯಾರ್ಥಿನಿ ಆಧಾರಗಳನ್ನು ಸೃಷ್ಟಿಸಿದ್ದಾರೆಂದು ನಂಬಲು ಕಾರಣವಿದೆ' ಎಂದು ಪತ್ರ ಮುಗಿದಿತ್ತು. ಅದು ಸಾಬೀತಾದರೆ ಕಾಲೇಜಿನಿಂದ ಹೆಸರು ಹೊಡೆದುಹಾಕುತ್ತಾರೆ.

"ನಾಳೆ ಹನ್ನೊಂದಕ್ಕೆ ವಿಚಾರಣೆ," ಎಂದರು ಪ್ರಾಂಶುಪಾಲರು. "ಅವಳು ಲೈಬ್ರರಿ ಮುದ್ರೆ ಇದೆ ಅಂತಿದಾಳೆ. ಮುದ್ರೆ ಇದೆ, ನಿಜ. ಆದರೆ ನಿಯಮದಲ್ಲಿ ಏನಿದೆ? ಲೇಖನದ ಸತ್ಯಾಸತ್ಯತೆ ವಿದ್ಯಾರ್ಥಿಯ ಹೊಣೆ. ನೀವು ಪಟ್ಟಿಯ ಸ್ವರೂಪ ನೋಡ್ತೀರಿ, ಹೆಸರು, ಪುಟಸಂಖ್ಯೆ, ಇಸವಿ. ಅಷ್ಟೇ ತಾನೆ?"

ಅವರು ಒಂದು ಹಾಳೆಯನ್ನು ಮುಂದೆ ತಳ್ಳಿದರು. ನಾಲ್ಕು ಸಾಲಿನ ಹೇಳಿಕೆ. ಗ್ರಂಥಾಲಯದ ಮುದ್ರೆ ಪಟ್ಟಿಯ ಸ್ವರೂಪಕ್ಕೆ ಮಾತ್ರ ಸಂಬಂಧಿಸಿದ್ದು, ಲೇಖನಗಳ ಗುಣಮಟ್ಟಕ್ಕಲ್ಲ ಎಂದು. ಕೆಳಗೆ ಸಹಿಗೆ ಗೆರೆ.

"ನಾನು ಒಂದ್ಸಲ ಆ ಲೇಖನ ನೋಡಿ ಆಮೇಲೆ..."

"ನೋಡಿ, ಬೇಡ ಅಂದೋರು ಯಾರು? ನಾಳೆ ಹತ್ತೂವರೆಗೆ ಸಹಿ ಮಾಡಿ ಕೊಟ್ಬಿಡಿ. ನೀವು ವಿಚಾರಣೆಗೆ ಬರೋದೇ ಬೇಡ. ಇನ್ನೇನು ನಿವೃತ್ತಿ ಹತ್ತಿರ ಬಂತು, ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರಿ?"

ಮೇಡಂ ಹಾಳೆ ಮಡಿಚಿಕೊಂಡು ಮೆಟ್ಟಿಲು ಹತ್ತಿ ಬಂದರು. ಪ್ರಬಂಧದ ಪ್ರತಿಯೊಂದು ಗ್ರಂಥಾಲಯದಲ್ಲೂ ಇತ್ತು. ಕೊನೆಯ ಪುಟ ತೆಗೆದರು. ಹನ್ನೆರಡು, ಹದಿಮೂರು ಮತ್ತು ಇಪ್ಪತ್ತೇಳನೆಯ ಲೇಖನ, ಮೂರೂ ಒಂದೇ ಪತ್ರಿಕೆಯವು. ಪತ್ರಿಕೆಯ ಹೆಸರು ಓದಿದಾಗ ಅವರಿಗೆ ಮೊದಲು ಸಮಾಧಾನವೇ ಆಯಿತು. ಪರೀಕ್ಷಕಿಯೇ ಎಲ್ಲೋ ಎಡವಿದ್ದಾರೆ ಅನಿಸಿತು. ಅದು ಮನೆಯವರಲ್ಲೂ ಹಳಬರ ಪೈಕಿ. ನರ್ಸುಗಳ ಸಂಘವೊಂದು ತರುತ್ತಿದ್ದ ತ್ರೈಮಾಸಿಕ, ಹಸಿರು ರಕ್ಷಾಪುಟ. ಅವರು ಕೆಲಸಕ್ಕೆ ಸೇರಿದ ವರ್ಷದಿಂದ ಅಂಚೆಯಲ್ಲಿ ಬರುತ್ತಿತ್ತು. ಒಮ್ಮೆ ಒಂದು ಸಂಚಿಕೆಯಲ್ಲಿ ಎಂಟು ಪುಟ ಬಿಟ್ಟುಹೋಗಿದ್ದಾಗ ಅವರು ಬರೆದ ದೂರಿಗೆ ಸಂಪಾದಕಿ ಕೈಬರಹದಲ್ಲಿ ಕ್ಷಮೆ ಕೇಳಿ ಬೇರೆ ಪ್ರತಿ ಕಳಿಸಿದ್ದರು. ಆರು ವರ್ಷದ ಹಿಂದೆ ಅಚ್ಚು ನಿಲ್ಲಿಸಿ, ಮುಂದೆ ಅಂತರ್ಜಾಲದಲ್ಲಿ ಮಾತ್ರ ಎಂದು ತಿಳಿಸಿದಾಗ ಮೇಡಂ ಪಟ್ಟಿಯಲ್ಲಿ ಅದರ ಮುಂದೆ ಹೊಸ ವಿಳಾಸ ಬೆರಳಚ್ಚು ಮಾಡಿಸಿದ್ದರು. ಅಷ್ಟೆ. ಆಮೇಲೆ ಅವರು ಆ ಮನೆಯ ಬಾಗಿಲು ತಟ್ಟಿರಲಿಲ್ಲ.

ಈಗ ಕಂಪ್ಯೂಟರಿನಲ್ಲಿ ಆ ವಿಳಾಸ ಒತ್ತಿದರು. ಅದೇ ಹಸಿರು ಮುಖಪುಟ, ಅದೇ ಹೆಸರು, ಅದೇ ಅಕ್ಷರವಿನ್ಯಾಸ. ಹನ್ನೆರಡನೆಯ ಲೇಖನ ತೆಗೆದು ಮೊದಲ ಪುಟದ ಅಡಿ ನೋಡಿದರು. ಬಂದದ್ದು ಮಂಗಳವಾರ, ಒಪ್ಪಿಕೊಂಡದ್ದು ಶುಕ್ರವಾರ, ಅದೇ ವಾರ. ತಿದ್ದಿದ ತಾರೀಖೇ ಇಲ್ಲ. ಸಂಚಿಕೆಯ ಪರಿವಿಡಿ ತೆಗೆದರು. ಹಾಸಿಗೆ ಹುಣ್ಣಿನ ಹಿಂದೆ ಸೇತುವೆಯ ಕಾಂಕ್ರೀಟು, ಅದರ ಹಿಂದೆ ಸಿಹಿನೀರಿನ ಮೀನು ಸಾಕಣೆ, ಅದರ ಹಿಂದೆ ಒಂದು ತೆರಿಗೆ ಕಾನೂನು. ಸಂಪಾದಕ ಮಂಡಳಿಯ ಪುಟದಲ್ಲಿ ಮೊದಲ ಹೆಸರು ಅದೇ ಸಂಪಾದಕಿಯದು, ಕೈಬರಹದಲ್ಲಿ ಕ್ಷಮೆ ಕೇಳಿದವರದು. ಮೇಡಂ ಎದ್ದು ಕಪಾಟಿನಿಂದ ಕೊನೆಯ ಅಚ್ಚು ಸಂಪುಟ ತೆಗೆದು ಕೊನೆಯ ಪುಟ ತಿರುವಿದರು. ಅಲ್ಲಿ ಕಪ್ಪು ಚೌಕಟ್ಟಿನಲ್ಲಿ ಆಕೆಯ ಫೋಟೊ ಇತ್ತು, ಕೆಳಗೆ ಶ್ರದ್ಧಾಂಜಲಿ. ಸತ್ತು ಆರು ವರ್ಷವಾದವರು ವಾರಕ್ಕೆ ನಲವತ್ತು ಲೇಖನ ಒಪ್ಪಿಕೊಳ್ಳುತ್ತಿದ್ದರು.

ಸಂಘಕ್ಕೆ ಫೋನ್ ಮಾಡಿದರು. ಎತ್ತಿದ ಮುದುಕಿ ಜೋರಾಗಿ ಮಾತಾಡುತ್ತಿದ್ದಳು. "ಪತ್ರಿಕೆನಾ? ಅದು ನಿಂತು ಮೂರು ವರ್ಷ ಆಯ್ತಲ್ಲ. ವೆಬ್‌ಸೈಟ್ ವಿಳಾಸಕ್ಕೆ ವರ್ಷ ವರ್ಷ ದುಡ್ಡು ಕಟ್ಟೋದನ್ನ ಬಿಟ್ವಿ, ಅದನ್ನ ಯಾರೋ ಪುಣ್ಯಾತ್ಮರು ಹಿಡ್ಕೊಂಡಿದಾರಂತೆ. ದುಡ್ಡು ಕೊಟ್ಟೋರ ಲೇಖನ ಎಲ್ಲ ಹಾಕ್ತಾರಂತೆ. ನಾವು ಎಲ್ಲ ಕಾಲೇಜಿಗೂ ಪತ್ರ ಬರೆದಿದ್ವಲ್ಲಮ್ಮ, ನಿಮಗೆ ಬರಲಿಲ್ವಾ?"

ಬಂದಿತ್ತು. ಬಾಗಿಲ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ, ಪುಸ್ತಕ ಮಾರಾಟದ ಸುತ್ತೋಲೆಗಳ ನಡುವೆ, ಒಡೆಯದೆ ಬಿದ್ದಿತ್ತು. ಹುಡುಕಿ ತೆಗೆಯಲು ಅವರಿಗೆ ಇಪ್ಪತ್ತು ನಿಮಿಷ ಹಿಡಿಯಿತು.

ಅದನ್ನು ಕೈಯಲ್ಲಿ ಹಿಡಿದು ನಿಂತಾಗ ಇನ್ನೊಂದು ನೆನಪಾಯಿತು. ನಾಲ್ಕು ತಿಂಗಳ ಹಿಂದೆ ದೊಡ್ಡಮ್ಮ ಇದೇ ಲೇಖನವನ್ನು ಹಿಡಿದುಕೊಂಡು ಮೇಜಿನ ಹತ್ತಿರ ಬಂದಿದ್ದಳು. "ಮೇಡಂ, ನಾಲ್ಕು ಗಂಟೆ ಅಂತ ಬರೆದಿದಾರೆ. ನಾನು ಒಂಬತ್ತು ವರ್ಷ ಮಾಡಿದೀನಿ, ಎರಡು ಗಂಟೆ ತಪ್ಪಿದ್ರೆ ಬೆನ್ನು ಕೆಂಪಾಗುತ್ತೆ. ಇದು ಸರಿನಾ ಅಂತ." ಅವತ್ತು ಮೇಜಿನ ಮೇಲೆ ಹದಿನಾರು ಪ್ರಬಂಧ ಕೂತಿದ್ದವು. ಮೇಡಂ ತಲೆ ಎತ್ತದೆ ಹೇಳಿದ್ದರು: "ಇದು ಮನೆಯವರದು ಕಣಮ್ಮ. ನಿನ್ನ ಅನುಭವ ಬೇರೆ, ಸಂಶೋಧನೆ ಬೇರೆ. ಓದಿದೋರು ಹೇಳಿದ್ದನ್ನ ಒಪ್ಕೋಳೋದು ಕಲಿ." ಅವಳು "ಸರಿ ಮೇಡಂ" ಎಂದು ಹೋಗಿದ್ದಳು. ಆ ಮಾತು ನಡೆದಾಗ ಹತ್ತಿರ ಬೇರೆ ಯಾರೂ ಇರಲಿಲ್ಲ.

ಮಧ್ಯಾಹ್ನ ದೊಡ್ಡಮ್ಮ ತಾನೇ ಬಂದಳು. ಕುಳಿತುಕೊಳ್ಳಲಿಲ್ಲ. "ನೀವು ಏನೋ ಬರೆದು ಕೊಡ್ತೀರಂತೆ."

"ಯಾರು ಹೇಳಿದ್ದು?"

"ಕಚೇರೀಲಿ ಎಲ್ರಿಗೂ ಗೊತ್ತು. ನಾನು ಅವರ ಹತ್ರ ಹೇಳ್ದೆ, ಮೇಡಮ್ಮನ್ನ ಕೇಳಿದ್ದೆ ಅಂತ. ಸಾಕ್ಷಿ ಇದ್ಯಾ ಅಂದ್ರು. ಸಾಕ್ಷಿ ಇಟ್ಕೊಂಡು ಯಾರಾದ್ರೂ ಲೈಬ್ರರಿಗೆ ಬರ್ತಾರಾ?"

ಮೇಡಂ ಪ್ರಬಂಧ ಮುಚ್ಚಿಟ್ಟರು. "ನಾನು ನೋಡ್ತಿದೀನಿ," ಎಂದರು.

"ನೋಡಿ," ಎಂದಳು ದೊಡ್ಡಮ್ಮ. "ನಿಮಗೆ ನೋಡೋದಾದ್ರೂ ಇದೆ. ನನಗೆ ನಾಳೆ ಹನ್ನೊಂದು ಗಂಟೆ ಒಂದೇ ಇರೋದು."

ಮೇಡಂ ಮನೆಯಲ್ಲಿ ಇರುವುದು ಇಬ್ಬರೇ, ಅವರು ಮತ್ತು ಅಕ್ಕ. ಅಕ್ಕ ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ರವಿಕೆಗಳು, ನೆಲದ ಮೇಲೆ ದಾರದ ತುಂಡು. ಸಂಜೆ ಆರಕ್ಕೆ ತಂಗಿ ಚಪ್ಪಲಿ ಬಿಟ್ಟ ರೀತಿಯಲ್ಲೇ ಅಕ್ಕನಿಗೆ ಏನೋ ಆಗಿದೆ ಎಂದು ಗೊತ್ತಾಯಿತು. ಒಂದು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ.

"ಏನೇ, ಯಾರ ಜೊತೆ ಜಗಳ?"

ತಂಗಿ ಎಲ್ಲವನ್ನೂ ಹೇಳಿದರು, ನಾಲ್ಕು ತಿಂಗಳ ಹಿಂದಿನ ಮಾತೊಂದನ್ನು ಬಿಟ್ಟು. ಅಕ್ಕ ಹೊಲಿಯುತ್ತಲೇ ಕೇಳಿದಳು.

"ಸಹಿ ಹಾಕು," ಎಂದಳು ದಾರ ಕತ್ತರಿಸುತ್ತ. "ಸುಳ್ಳೇನಿಲ್ಲವಲ್ಲ ಅದರಲ್ಲಿ. ನಿಯಮ ಹಾಗೇ ಇದೆ ಅಂತಾರೆ."

"ನಿಯಮ ಹಾಗಿದೆ. ನಾನು ಮಾಡ್ತಿದ್ದದ್ದು ಹಾಗಲ್ಲ. ಮುದ್ರೆ ಬಿತ್ತು ಅಂದ್ರೆ ಲೇಖನ ಸರಿ ಇದೆ ಅಂತ ಇಡೀ ಕಾಲೇಜು ನಂಬುತ್ತೆ. ನಾನೇ ನಂಬಿಸಿದೀನಿ."

"ಅಯ್ಯೋ ದೊಡ್ಡ ಸರದಾರಿಣಿ. ನಿನ್ನ ಮುದ್ರೆ ಇಲ್ಲದೆ ಸೂರ್ಯ ಹುಟ್ಟಲ್ಲ ಅಲ್ವಾ? ಏಳು ತಿಂಗಳು ಕಣೇ. ಏಳು ತಿಂಗಳು ಬಾಯಿಗೆ ಬೀಗ ಹಾಕ್ಕೋ. ಆ ಹುಡುಗಿ ಇನ್ನೊಂದು ಕಡೆ ಓದ್ತಾಳೆ."

"ಹೆಸರು ಹೊಡೆದುಹಾಕಿದ್ರೆ ಎಲ್ಲೂ ಸೇರಿಸ್ಕೊಳ್ಳಲ್ಲ ಅಕ್ಕ. ಸುಳ್ಳು ಸೃಷ್ಟಿಸಿದಾಳೆ ಅಂತ ಬರೀತಾರೆ."

ಅಕ್ಕ ಯಂತ್ರ ನಿಲ್ಲಿಸಿದಳು. "ಅವಳು ನಿನ್ನ ಯಾವ ಚಿಕ್ಕಪ್ಪನ ಮಗಳು?"

ತಂಗಿ ಬಿಟ್ಟಿದ್ದ ಮಾತನ್ನೂ ಹೇಳಿದರು. ಅವಳು ಕೇಳಲು ಬಂದದ್ದು, ತಾನು ತಲೆ ಎತ್ತದಿದ್ದದ್ದು. ಅಕ್ಕ ಕೈಯಲ್ಲಿದ್ದ ರವಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅದನ್ನ ನೀನು ಮೊದಲೇ ಹೇಳ್ಬೇಕಿತ್ತು," ಎಂದಳು. "ಈಗ ನನ್ನ ಕೇಳಬೇಡ. ನಾನು ಸಹಿ ಹಾಕು ಅಂತಲೇ ಹೇಳೋದು, ನನಗೆ ನಿನ್ನ ಯೋಚನೆ. ನಿನಗೆ ನನ್ನ ಮಾತು ಕೇಳೋ ಅಭ್ಯಾಸ ಎಲ್ಲಿದೆ?" ಅಕ್ಕ ಮತ್ತೆ ಯಂತ್ರ ತುಳಿಯತೊಡಗಿದಳು.

ಮರುದಿನ ಹತ್ತೂವರೆಗೆ ಮೇಡಂ ಹಾಳೆಯನ್ನು ಸಹಿ ಇಲ್ಲದೆ ಕಚೇರಿಗೆ ಹಿಂತಿರುಗಿಸಿ, ಹನ್ನೊಂದಕ್ಕೆ ವಿಚಾರಣೆಯ ಕೋಣೆಗೆ ಹೋದರು. ಉದ್ದ ಮೇಜಿನ ಒಂದು ಕಡೆ ಪ್ರಾಂಶುಪಾಲರು, ಹೊರಗಿನ ಪರೀಕ್ಷಕಿ, ಟಿಪ್ಪಣಿ ಬರೆಯಲು ಗುಮಾಸ್ತ. ಇನ್ನೊಂದು ಕಡೆ ದೊಡ್ಡಮ್ಮ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ. ಮೇಡಂ ಬಂದದ್ದು ನೋಡಿ ಪ್ರಾಂಶುಪಾಲರು ಮುಖ ಗಂಟಿಕ್ಕಿದರು.

"ನಿಮ್ಮನ್ನ ಕರೆದಿರಲಿಲ್ಲವಲ್ಲ."

"ಗೊತ್ತು ಸರ್. ಹತ್ತು ನಿಮಿಷ ಕೊಡಿ."

ಅವರು ಮೊದಲು ಸಂಘದ ಪತ್ರವನ್ನೂ ಕೊನೆಯ ಅಚ್ಚು ಸಂಪುಟವನ್ನೂ ಮೇಜಿನ ಮೇಲಿಟ್ಟರು. ಆಮೇಲೆ ಕಂಪ್ಯೂಟರನ್ನು ಪರೀಕ್ಷಕಿಯ ಕಡೆ ತಿರುಗಿಸಿ ತಾರೀಖುಗಳನ್ನು ತೋರಿಸಿದರು, ಸೇತುವೆಯನ್ನು ತೋರಿಸಿದರು, ಮೀನನ್ನು ತೋರಿಸಿದರು. ಪರೀಕ್ಷಕಿ ಎತ್ತರದ ಹೆಂಗಸು, ಕೈಬೆರಳುಗಳು ದಪ್ಪ. ಮುಂದಕ್ಕೆ ಬಾಗಿ ಓದಿದರು.

"ಅಂದ್ರೆ ಲೇಖನ ಇವಳು ಸೃಷ್ಟಿಸಿದ್ದಲ್ಲ."

"ಅಲ್ಲ. ಲೇಖನ ಇದೆ. ಪತ್ರಿಕೆ ನಕಲಿ. ಆ ಪತ್ರಿಕೆ ನನ್ನ ಪಟ್ಟಿಯಲ್ಲಿದೆ. ಇವಳು ನನ್ನ ಪಟ್ಟಿ ನೋಡಿ ತೆಗೆದುಕೊಂಡಿದಾಳೆ."

"ಇದನ್ನ ಪತ್ತೆ ಮಾಡೋಕೆ ನಿಮಗೆ ಎಷ್ಟು ಹೊತ್ತು ಹಿಡೀತು?"

"ನಾಲ್ಕು ನಿಮಿಷ."

"ಮುದ್ರೆ ಹಾಕೋವಾಗ ನೋಡಿದ್ರಾ?"

"ಇಲ್ಲ."

"ಯಾಕೆ?"

"ಗೊತ್ತಿರೋ ಹೆಸರು ಅಂತ."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಪ್ರಾಂಶುಪಾಲರ ಮುಖ ನೋಡಿದ. ಅವರು ಬರಿ ಎಂದು ಕೈಸನ್ನೆ ಮಾಡಿದರು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ದೊಡ್ಡಮ್ಮನ ಮೇಲಿನ ಆರೋಪ ಬಿದ್ದುಹೋಗಿತ್ತು. ಆದರೆ ಮೇಡಂ ಎದ್ದವರು ಮತ್ತೆ ಕುಳಿತರು.

"ಇನ್ನೊಂದು ಇದೆ. ಇವಳು ಬಂದು ಕೇಳಿದ್ದಳು. ನಾಲ್ಕು ಗಂಟೆ ಸರಿ ಇಲ್ಲ ಅನ್ಸುತ್ತೆ ಅಂತ. ಅನುಭವ ಬೇರೆ ಸಂಶೋಧನೆ ಬೇರೆ ಅಂತ ನಾನೇ ಹೇಳಿ ಕಳಿಸಿದೆ. ಇವಳು ಹೇಳಿದ್ದು ನಿಜ."

ಪರೀಕ್ಷಕಿ ದೊಡ್ಡಮ್ಮನ ಕಡೆ ತಿರುಗಿದರು. "ಒಂಬತ್ತು ವರ್ಷ ವಾರ್ಡಲ್ಲಿ ಇದ್ದೋಳು ನೀನು. ನಿನ್ನ ಕೈಗೇ ಗೊತ್ತಿತ್ತಲ್ಲಮ್ಮ. ಆದರೂ ಯಾಕೆ ಬರೆದೆ?"

"ಆಯಾ ಬುದ್ಧಿ ಬಿಡು, ನರ್ಸ್ ಆಗು ಅಂತ ಮೂರು ವರ್ಷದಿಂದ ಎಲ್ರೂ ಹೇಳ್ತಿದ್ರು ಮೇಡಂ," ಎಂದಳು ದೊಡ್ಡಮ್ಮ. "ಬಿಟ್ಟೆ."

ಪರೀಕ್ಷಕಿ ಪ್ರಬಂಧ ಮುಚ್ಚಿ ಪ್ರಾಂಶುಪಾಲರ ಕಡೆ ಸರಿಸಿದರು.

ತೀರ್ಮಾನ ಮಧ್ಯಾಹ್ನವೇ ಬಂತು. ಆಧಾರ ಸೃಷ್ಟಿಸಿದಳೆಂಬ ಆರೋಪ ಕೈಬಿಡಲಾಗಿದೆ. ಆದರೆ ಪ್ರಬಂಧದ ತೀರ್ಮಾನ ತಪ್ಪಾಗಿರುವುದರಿಂದ, ಅದರಂತೆ ನಡೆದರೆ ರೋಗಿಗೆ ಹಾನಿಯಾಗುವುದರಿಂದ, ಈ ಸಲ ಅದನ್ನು ಅಂಗೀಕರಿಸಲು ಬರುವುದಿಲ್ಲ. ಮತ್ತೆ ಬರೆದು ಮುಂದಿನ ಅವಧಿಯಲ್ಲಿ ಸಲ್ಲಿಸಬೇಕು. ಗ್ರಂಥಪಾಲಕಿಯ ಸೇವಾ ಪುಸ್ತಕದಲ್ಲಿ ಎಚ್ಚರಿಕೆ ದಾಖಲಾಗಬೇಕು. ಮುದ್ರೆಯ ಪದ್ಧತಿ ಇಂದಿನಿಂದ ನಿಂತಿತು.

ಮೇಡಂ ಮೆಟ್ಟಿಲ ತಿರುವಿನಲ್ಲಿ ದೊಡ್ಡಮ್ಮನಿಗಾಗಿ ಕಾದು ನಿಂತರು. ಏನು ನಿರೀಕ್ಷಿಸಿದ್ದರೋ ಅವರಿಗೂ ಸ್ಪಷ್ಟವಿರಲಿಲ್ಲ. ಒಂದು ಥ್ಯಾಂಕ್ಸ್ ಇರಬಹುದು.

"ಮುಂದಿನ ಅವಧಿ ಅಂದ್ರೆ ಆರು ತಿಂಗಳು," ಎಂದಳು ದೊಡ್ಡಮ್ಮ. "ಆ ನರ್ಸ್ ಜಾಗ ಈ ತಿಂಗಳ ಕೊನೆವರೆಗೆ ಇಟ್ಟಿರ್ತೀನಿ ಅಂದಿದ್ರು. ಇನ್ನು ಇಡಲ್ಲ."

"ನಾನು ಬೇಕಾದ್ರೆ ಅವರ ಹತ್ರ ಮಾತಾಡ್ತೀನಿ."

"ಏನಂತ? ಮುದ್ರೆ ಹಾಕಿ ಕೊಡ್ತೀರಾ?"

ಮೇಡಂ ಗೋಡೆಯ ಕಡೆ ಸರಿದು ದಾರಿ ಬಿಟ್ಟರು. ದೊಡ್ಡಮ್ಮ ಎರಡು ಮೆಟ್ಟಿಲು ಇಳಿದು ನಿಂತಳು. "ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಇಲ್ಲ ಅಂದ್ರೆ ಕಳ್ಳಿ ಅನ್ನಿಸ್ಕೊಂಡು ಹೋಗ್ತಿದ್ದೆ. ಆದರೆ ನನ್ನಿಂದ ಈಗ ಚೆನ್ನಾಗಿ ಮಾತಾಡೋಕೆ ಆಗ್ತಿಲ್ಲ, ಬೇಜಾರು ಮಾಡ್ಕೋಬೇಡಿ." ಮತ್ತೆ ತಿರುಗಿ ನೋಡದೆ ಇಳಿದುಹೋದಳು. ಅವಳ ಬಿಳಿ ಷೂಗಳು ಮೆಟ್ಟಿಲ ಮೇಲೆ ಕಿರುಗುಟ್ಟುವುದು ಕೆಳಗಿನ ಬಾಗಿಲಿನವರೆಗೂ ಕೇಳಿಸಿತು.

ಆ ಸಂಜೆ ಮನೆಗೆ ಹೋದಾಗ ಅಕ್ಕ ಊಟದ ತಟ್ಟೆ ಹಾಕುತ್ತ, "ಬೈದರಾ?" ಎಂದಳು. "ಬರೆದುಕೊಂಡ್ರು," ಎಂದರು ತಂಗಿ. "ಬರ್ಕೊಳ್ಳಲಿ ಬಿಡು, ಅವರ ಪೆನ್ನು, ಅವರ ಪುಸ್ತಕ," ಎಂದು ಅಕ್ಕ ಇನ್ನೊಂದು ಸೌಟು ಬಡಿಸಿದಳು.

ಮರುದಿನದಿಂದ ಮೇಡಂ ಯಾರೂ ಹೇಳದ ಒಂದು ಕೆಲಸ ಶುರುಮಾಡಿದರು. ಗಾಜಿನ ಕೆಳಗಿನ ಎರಡೂ ಹಾಳೆ ತೆಗೆದು, ಮೂವತ್ತಾರು ಪತ್ರಿಕೆಗಳನ್ನೂ ದಾರಿಹೋಕರಂತೆ ಒಂದೊಂದಾಗಿ ತೆರೆದು ನೋಡಿದರು. ಇನ್ನೂ ಎರಡು ಕೈಬದಲಾಗಿದ್ದವು. ಆಮೇಲೆ ಕಪಾಟಿನಲ್ಲಿದ್ದ ಮೂರು ವರ್ಷದ ಪ್ರಬಂಧಗಳನ್ನು ಇಳಿಸಿ, ಕೊನೆಯ ಪುಟಗಳನ್ನು ತಿರುವಿದರು. ಮುನ್ನೂರ ಐವತ್ತೆಂಟು ಪ್ರಬಂಧ. ದಿನಕ್ಕೆ ಮೂವತ್ತು ಮುಗಿಯುತ್ತಿತ್ತು. ಮೇಜಿನ ಹತ್ತಿರ ಬಂದ ಹುಡುಗಿಯರು, "ಮೇಡಂ, ಇದು ಪಿಯರ್ ರಿವ್ಯೂ ಆಗಿದ್ಯಾ?" ಎಂದು ಕೇಳಿದರೆ, ಈಗ ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, "ನೀನೇ ನೋಡಿ ಹೇಳು, ನಾನು ಇಲ್ಲೇ ಇರ್ತೀನಿ," ಎನ್ನುತ್ತಿದ್ದರು. ಹುಡುಗಿಯರಿಗೆ ಇದು ಇಷ್ಟವಾಗಲಿಲ್ಲ. ಕ್ಲಾಸಿದೆ ಮೇಡಂ ಎಂದು ಕೆಲವರು ಎದ್ದು ಹೋಗುತ್ತಿದ್ದರು.

ಆ ಮೂರು ಪತ್ರಿಕೆಗಳ ನಕಲಿ ಲೇಖನಗಳನ್ನು ಆಧಾರವಾಗಿಟ್ಟುಕೊಂಡ ಹದಿನಾಲ್ಕು ಪ್ರಬಂಧ ಸಿಕ್ಕವು. ಹದಿನಾಲ್ಕಕ್ಕೂ ನೇರಳೆ ಮುದ್ರೆ ಇತ್ತು. ಬರೆದವರೆಲ್ಲ ಪಾಸಾಗಿ ಹೋಗಿ ಕೆಲಸದಲ್ಲಿದ್ದರು. ಮೇಡಂ ಕಚೇರಿಯಿಂದ ಅವರ ಫೋನ್ ನಂಬರು ತೆಗೆದುಕೊಂಡು ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬೊಬ್ಬರಿಗೇ ಮಾಡಿದರು. ಹೆಚ್ಚಿನವರಿಗೆ ತಮ್ಮ ಪ್ರಬಂಧದ ವಿಷಯವೇ ಮರೆತುಹೋಗಿತ್ತು. ಒಬ್ಬಳು ನಕ್ಕಳು, "ಜರಡಿ ಮೇಡಮ್ಮೇ ತಪ್ಪು ಮಾಡಿದ್ರಾ?" ಎಂದು. ಇಬ್ಬರ ನಂಬರು ಬದಲಾಗಿತ್ತು.

ಹನ್ನೊಂದನೆಯವಳು ನಗಲಿಲ್ಲ. ಎರಡು ವರ್ಷದ ಹಿಂದೆ ಪಾಸಾದವಳು ಅವಳು, ಹಾಸಿಗೆ ಹುಣ್ಣಿನ ಬಗ್ಗೆಯೇ ಬರೆದವಳು. ಈಗ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂಳೆ ವಾರ್ಡಿನ ನರ್ಸ್. ಮಗ್ಗುಲು ಬದಲಿಸುವ ವೇಳಾಪಟ್ಟಿಯನ್ನು ಕಳೆದ ವರ್ಷ ಅವಳೇ ಬರೆದಿದ್ದಳು. ಗೋಡೆಗೆ ಅಂಟಿಸಿದ್ದಾರೆ ಎಂದಳು. ಎಷ್ಟು ಗಂಟೆಗೊಮ್ಮೆ ಎಂದು ಮೇಡಂ ಕೇಳಿದರು. ಅವಳು ನಾಲ್ಕು ಎಂದಳು. ಆಮೇಲೆ, "ಫೋನಲ್ಲಿ ಬೇಡ ಮೇಡಂ, ನೀವೇ ಬನ್ನಿ, ಲೇಖನ ತನ್ನಿ, ನಮ್ಮ ದೊಡ್ಡ ಡಾಕ್ಟರ್ ಎದುರಿಗೆ ಹೇಳಿ," ಎಂದಳು.

ಮೇಡಂ ಬುಧವಾರಕ್ಕೆ ಒಂದು ದಿನದ ರಜೆ ಬರೆದುಕೊಟ್ಟಿದ್ದಾರೆ, ಮಂಜೂರಾಗಿದೆ. ಬೆಳಗ್ಗೆ ಹತ್ತಕ್ಕೆ ಆ ಆಸ್ಪತ್ರೆಯ ಮೂರನೇ ಮಹಡಿಗೆ ಹೋಗಬೇಕು. ಜೊತೆಗೆ ಬರುತ್ತೀಯಾ ಎಂದು ದೊಡ್ಡಮ್ಮನನ್ನು ಕೇಳಿದ್ದರು. ಅವಳು ಹಳೆಯ ಆಸ್ಪತ್ರೆಗೆ ಆಯಾ ಆಗಿ ಮರಳಿದ್ದಾಳೆ, ಆ ಹೊತ್ತಿಗೆ ಅವಳಿಗೆ ಕೆಲಸವಿದೆ.